ಹದಿನಾರು ಮತದ ಜಯನಗರ

(ಉಪನ್ಯಾಸದ ಬರಹ ರೂಪ)

57,797 ಮತ್ತು 57,781. ಮೊದಲು ಈ ಎರಡು ಸಂಖ್ಯೆಗಳನ್ನು ಬರೆದುಕೊಂಡುಬಿಡಿ, ಮಾತು ಮತ್ತೆ ಮತ್ತೆ ಇಲ್ಲಿಗೇ ಬರುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರದಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿ ಅವರಿಗೆ ಸಿಕ್ಕಿದ್ದು ಮೊದಲನೆಯದು, ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅವರಿಗೆ ಸಿಕ್ಕಿದ್ದು ಎರಡನೆಯದು. ಅಂತರ ಹದಿನಾರು. ಮೇ 13ರ ಮಧ್ಯಾಹ್ನದ ಹೊತ್ತಿಗೆ ರಾಜ್ಯದ ಫಲಿತಾಂಶ ಬಹುಪಾಲು ಗೊತ್ತಾಗಿತ್ತು. ಜಯನಗರದ ಎಣಿಕೆ ನಡೆಯುತ್ತಿದ್ದ ಎಸ್‌ಎಸ್‌ಎಂಆರ್‌ವಿ ಕಾಲೇಜಿನ ಮುಂದೆ ಮಾತ್ರ ಎರಡೂ ಪಕ್ಷದವರು ರಾತ್ರಿಯವರೆಗೆ ನಿಂತೇ ಇದ್ದರು. ಮೊದಲ ಲೆಕ್ಕದಲ್ಲಿ ಮುಂದಿದ್ದವರು ಸೌಮ್ಯಾ ರೆಡ್ಡಿ. ಕಾಂಗ್ರೆಸ್ಸಿಗೆ 136 ಎಂದು ಓಡುತ್ತಿದ್ದ ಸಂಖ್ಯೆ ಕೊನೆಗೆ 135ಕ್ಕೆ ಇಳಿದದ್ದು ಈ ಒಂದು ಕ್ಷೇತ್ರದಿಂದ. ಬೆಂಗಳೂರಿನ 28 ಸ್ಥಾನಗಳಲ್ಲಿ ಬಿಜೆಪಿಯ ಪಾಲು 16, ಕಾಂಗ್ರೆಸ್ಸಿನದು 12 ಎಂದಾದದ್ದೂ ಇದರಿಂದಲೇ.

ಇಂಥ ಫಲಿತಾಂಶ ಬಂದ ತಕ್ಷಣ ‘ಜನ ಈ ಸಲ ಆ ಕಡೆ ವಾಲಿದರು’ ಎಂಬ ವಿಶ್ಲೇಷಣೆ ಬರುತ್ತದೆ. ಒಂದು ಸಣ್ಣ ಕೂಡು-ಕಳೆ ಮಾಡಿ ನೋಡಿ. 2018ರಲ್ಲಿ ಸೌಮ್ಯಾ ರೆಡ್ಡಿ ಗೆದ್ದಾಗ ಅವರಿಗೆ ಬಂದದ್ದು 54,457. ಎದುರಾಳಿ ಬಿ.ಎನ್. ಪ್ರಹ್ಲಾದ್ ಅವರಿಗೆ 51,568. ಅಂದರೆ ಸೋತ 2023ರಲ್ಲಿ ಅವರು ಗೆದ್ದ 2018ಕ್ಕಿಂತ 3,324 ಮತ ಹೆಚ್ಚು ಪಡೆದರು. ಬಿಜೆಪಿ ಅದೇ ಅವಧಿಯಲ್ಲಿ 6,229 ಮತ ಹೆಚ್ಚಿಸಿಕೊಂಡಿತು. ಇಬ್ಬರ ಮತವೂ ಏರಿದೆ. ಹಿಂದಿನ ಸಲ ಮನೆಯಲ್ಲಿ ಕೂತಿದ್ದ ಜನ ಈ ಸಲ ಹೊರಗೆ ಬಂದಿದ್ದಾರೆ, ಮೂರನೆಯವರಿಗೆ ಹೋಗುತ್ತಿದ್ದ ಮತ ಇಬ್ಬರ ನಡುವೆ ಹಂಚಿಹೋಗಿದೆ ಎಂದಷ್ಟೇ ಈ ಲೆಕ್ಕದಿಂದ ಹೇಳಬಹುದು. ಕಾಂಗ್ರೆಸ್ಸಿನ ಮತದಾರ ಬಿಜೆಪಿಗೆ ಹೋದ ಎನ್ನಲು ಇದರಲ್ಲಿ ಆಧಾರವೇ ಇಲ್ಲ.

ಹಾಗಾಗಿ ಒಂದು ನಗರ ಕ್ಷೇತ್ರದ ಮತದಾನದ ಇತಿಹಾಸವನ್ನು ಓದುವಾಗ ಗೆದ್ದವರ ಹೆಸರಿನ ಪಟ್ಟಿ ಸಾಲದು. ಗೆರೆ ಎಲ್ಲಿ ಎಳೆದಿದ್ದಾರೆ, ಮತದಾರರ ಪಟ್ಟಿಯಲ್ಲಿ ಯಾರಿದ್ದಾರೆ, ಎಣಿಕೆ ಕೊಠಡಿಯಲ್ಲಿ ಯಾವ ಕಾಗದ ಯಾವ ಕಟ್ಟಿಗೆ ಬಿತ್ತು ಎಂಬುದನ್ನು ನೋಡದೆ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ.

ಯಾವ ಜಯನಗರ?

ಜಯನಗರ ಬಡಾವಣೆಯ ವಯಸ್ಸು ಸ್ವತಂತ್ರ ಭಾರತದ ವಯಸ್ಸು. 1948ರಲ್ಲಿ ಸಿ. ರಾಜಗೋಪಾಲಾಚಾರಿ ಅವರು ಗವರ್ನರ್ ಜನರಲ್ ಆಗಿದ್ದಾಗ ಇದಕ್ಕೆ ಅಡಿಗಲ್ಲು ಹಾಕಿದರು. ಹೆಸರು ಜಯಚಾಮರಾಜೇಂದ್ರ ಒಡೆಯರ್ ಅವರದ್ದು. ಬ್ಲಾಕು, ಮೇನು, ಕ್ರಾಸು ಎಂದು ಅಳೆದು ಹಾಕಿದ ಊರು. ಆದರೆ ಆ ಅಳತೆಯ ನಡುವೆ ಭೈರಸಂದ್ರ, ಯಡಿಯೂರು, ಸಿದ್ದಾಪುರ, ಸಾರಕ್ಕಿಯಂಥ ಹಳ್ಳಿಗಳು ಹಾಗೇ ಉಳಿದವು. ಅಗಲ ರಸ್ತೆಯ ಮರದ ನೆರಳಿನಿಂದ ಎರಡು ತಿರುವು ದಾಟಿದರೆ ಗೋಡೆಗೆ ಗೋಡೆ ಅಂಟಿದ ಹಳೆಯ ಊರು ಸಿಗುತ್ತದೆ. ಈ ಕ್ಷೇತ್ರದ ಮತಗಟ್ಟೆವಾರು ಲೆಕ್ಕ ಏಕೆ ಅಷ್ಟು ಏರುಪೇರಾಗಿರುತ್ತದೆ ಎಂಬುದಕ್ಕೆ ಅರ್ಧ ಉತ್ತರ ಆ ಎರಡು ತಿರುವಿನಲ್ಲಿದೆ.

ಈಗ ಒಂದು ತಮಾಷೆ. ಬಿಬಿಎಂಪಿಯ 198 ವಾರ್ಡುಗಳ ಕಾಲದ ನಕ್ಷೆಯಲ್ಲಿ ‘ಜಯನಗರ’ ಎಂಬ ಹೆಸರಿನ ವಾರ್ಡೊಂದಿತ್ತು, ಸಂಖ್ಯೆ 153. ಅದು ಜಯನಗರ ವಿಧಾನಸಭಾ ಕ್ಷೇತ್ರದಲ್ಲಿ ಇರಲಿಲ್ಲ, ಚಿಕ್ಕಪೇಟೆ ಕ್ಷೇತ್ರದಲ್ಲಿತ್ತು! ಯಡಿಯೂರು ವಾರ್ಡು ಪದ್ಮನಾಭನಗರಕ್ಕೆ ಸೇರಿತ್ತು. ಜಯನಗರ ಕ್ಷೇತ್ರದೊಳಗೆ ಇದ್ದದ್ದು ಏಳು ವಾರ್ಡುಗಳು: ಪಟ್ಟಾಭಿರಾಮನಗರ, ಭೈರಸಂದ್ರ, ಜಯನಗರ ಪೂರ್ವ, ಗುರಪ್ಪನಪಾಳ್ಯ, ಜೆ.ಪಿ. ನಗರ, ಸಾರಕ್ಕಿ, ಶಾಕಾಂಬರಿನಗರ. ಹೆಸರು ನೋಡಿ ‘ಇದು ಮೇಲ್ಮಧ್ಯಮ ವರ್ಗದ ಕ್ಷೇತ್ರ’ ಎಂದು ತೀರ್ಮಾನಿಸುವವರು ಗುರಪ್ಪನಪಾಳ್ಯವನ್ನೂ ತಿಲಕ್‌ನಗರವನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಅಲ್ಲಿ ಮುಸ್ಲಿಂ ಮತದಾರರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ದಿನಗೂಲಿಯವರು, ಸಣ್ಣ ವ್ಯಾಪಾರಿಗಳು ಇದ್ದಾರೆ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತ ನಿಂತು ಕ್ಷೇತ್ರದ ನಾಡಿ ಹಿಡಿಯಲು ಹೋದ ಸಮೀಕ್ಷೆಗಳು ಎಡವುವುದು ಇಲ್ಲೇ. ಅಲ್ಲಿ ಸಿಕ್ಕವರಲ್ಲಿ ಎಷ್ಟೋ ಮಂದಿ ಬೇರೆ ಕ್ಷೇತ್ರದ ಮತದಾರರು, ಹಬ್ಬದ ಬಟ್ಟೆ ಕೊಳ್ಳಲು ಬಂದವರು.

ವಾರ್ಡುಗಳ ಗೆರೆ ಈಚೆಗೆ ಮತ್ತೆ ಮತ್ತೆ ಬದಲಾಗಿದೆ. ಬಿಬಿಎಂಪಿಯೇ ಹೋಗಿ 2025ರಲ್ಲಿ ಐದು ಪಾಲಿಕೆಗಳಾದವು. ಆದರೆ ವಾರ್ಡಿನ ಗೆರೆ ಬದಲಾದರೆ ವಿಧಾನಸಭಾ ಕ್ಷೇತ್ರದ ಗೆರೆ ಬದಲಾಗುವುದಿಲ್ಲ. ಎರಡನ್ನೂ ಎಳೆಯುವ ಕೈ ಬೇರೆ ಬೇರೆ, ಕಾನೂನೂ ಬೇರೆ. ಮನೆಗೆ ಹೊಸ ವಾರ್ಡಿನ ಹೆಸರು ಬಂತು ಅಂದಮಾತ್ರಕ್ಕೆ ಶಾಸಕರು ಬದಲಾಗುವುದಿಲ್ಲ.

ಒಂದೇ ಹೆಸರು, ಎರಡು ಕ್ಷೇತ್ರ

ಜಯನಗರ ಎಂಬ ವಿಧಾನಸಭಾ ಕ್ಷೇತ್ರ 1978ರ ಚುನಾವಣೆಯಿಂದ ಇದೆ. ಎಂಬತ್ತರ ದಶಕದಲ್ಲಿ ಇದು ಜನತಾ ಪಕ್ಷದ ಎಂ. ಚಂದ್ರಶೇಖರ್ ಅವರ ಕ್ಷೇತ್ರ. 1989ರಿಂದ ಕಾಂಗ್ರೆಸ್ಸಿನ ರಾಮಲಿಂಗಾ ರೆಡ್ಡಿ ಸತತ ನಾಲ್ಕು ಸಲ ಗೆದ್ದರು: 1989, 1994, 1999, 2004. 2008 ಮತ್ತು 2013ರಲ್ಲಿ ಬಿಜೆಪಿಯ ಬಿ.ಎನ್. ವಿಜಯಕುಮಾರ್. 2018ರಲ್ಲಿ ಸೌಮ್ಯಾ ರೆಡ್ಡಿ, ರಾಮಲಿಂಗಾ ರೆಡ್ಡಿ ಅವರ ಮಗಳು. 2023ರಲ್ಲಿ ರಾಮಮೂರ್ತಿ.

ಈ ಪಟ್ಟಿಯನ್ನು ನೋಡಿದರೆ 2008ರಲ್ಲಿ ಕಾಂಗ್ರೆಸ್ಸಿನ ಕೋಟೆ ಬಿತ್ತು ಎಂದು ಯಾರಿಗಾದರೂ ಅನ್ನಿಸುತ್ತದೆ. ನಿಜವಾಗಿ ಆದದ್ದು ಬೇರೆ. 2004ರ ಜಯನಗರವೂ 2008ರ ಜಯನಗರವೂ ಒಂದೇ ನೆಲವಲ್ಲ. 1971ರ ಜನಗಣತಿಯ ಮೇಲೆ ಎಳೆದ ಗೆರೆಗಳು ಮೂವತ್ತು ವರ್ಷ ಹಾಗೇ ಉಳಿದಿದ್ದವು. ಅಷ್ಟರಲ್ಲಿ ಬೆಂಗಳೂರು ದಕ್ಷಿಣಕ್ಕೆ ಎಷ್ಟು ಹಬ್ಬಿತ್ತೆಂದರೆ ಪಕ್ಕದ ಉತ್ತರಹಳ್ಳಿ ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದಾಗಿ ಊದಿಕೊಂಡಿತ್ತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಪುನರ್ವಿಂಗಡಣಾ ಆಯೋಗ 2001ರ ಜನಗಣತಿ ಹಿಡಿದು ಹೊಸ ಗೆರೆ ಎಳೆಯಿತು. ರಾಜ್ಯದ ಒಟ್ಟು 224 ಸ್ಥಾನ ಹೆಚ್ಚಲಿಲ್ಲ, ಆದರೆ ಬೆಂಗಳೂರು ನಗರ ಜಿಲ್ಲೆಯ ಪಾಲು 28ಕ್ಕೆ ಏರಿತು. ಉತ್ತರಹಳ್ಳಿ ಎಂಬ ಹೆಸರೇ ಅಳಿಯಿತು. ಪದ್ಮನಾಭನಗರ, ಬೊಮ್ಮನಹಳ್ಳಿ, ಬಿಟಿಎಂ ಲೇಔಟ್ ಹುಟ್ಟಿದವು. ಈ ಹೊಸ ಗೆರೆಗಳ ಮೇಲೆ ನಡೆದ ಮೊದಲ ವಿಧಾನಸಭಾ ಚುನಾವಣೆ 2008ರದು.

ರಾಮಲಿಂಗಾ ರೆಡ್ಡಿ ಆಗ ಜಯನಗರದಲ್ಲಿ ನಿಂತು ಸೋಲಲಿಲ್ಲ. ಅವರು ಬಿಟಿಎಂ ಲೇಔಟಿಗೆ ಹೋದರು, ಅಲ್ಲಿ 2008, 2013, 2018, 2023 ನಾಲ್ಕೂ ಸಲ ಗೆದ್ದರು. ನಾಲ್ಕು ಚುನಾವಣೆ ಗೆದ್ದ ರಾಜಕಾರಣಿ ಹೆಸರನ್ನು ಬಿಟ್ಟು ಮತವನ್ನು ಹಿಂಬಾಲಿಸಿದರು. ಕ್ಷೇತ್ರದ ನಕ್ಷೆ ಓದುವುದರಲ್ಲಿ ಅಭ್ಯರ್ಥಿಗಳನ್ನು ಮೀರಿಸಿದವರಿಲ್ಲ. ಹಳೆಯ ಜಯನಗರದ ಮತಪ್ರಮಾಣವನ್ನೂ ಹೊಸದರ ಮತಪ್ರಮಾಣವನ್ನೂ ಒಂದೇ ಗ್ರಾಫಿನಲ್ಲಿ ಗೆರೆಯಾಗಿ ಸೇರಿಸಿದ ಚಿತ್ರ ನೋಡಿದರೆ ನಂಬಬೇಡಿ. 2004 ಮತ್ತು 2008ರ ನಡುವೆ ಆ ಗೆರೆ ತುಂಡಾಗಲೇಬೇಕು.

ಲೋಕಸಭೆಗೆ ಒಂದು, ವಿಧಾನಸಭೆಗೆ ಇನ್ನೊಂದು

ಜಯನಗರ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದ ಎಂಟು ಭಾಗಗಳಲ್ಲಿ ಒಂದು. ಉಳಿದವು ಗೋವಿಂದರಾಜನಗರ, ವಿಜಯನಗರ, ಚಿಕ್ಕಪೇಟೆ, ಬಸವನಗುಡಿ, ಪದ್ಮನಾಭನಗರ, ಬಿಟಿಎಂ ಲೇಔಟ್, ಬೊಮ್ಮನಹಳ್ಳಿ. ದಕ್ಷಿಣದ ಮತದಾರ ಹಿಂದಿನಿಂದಲೂ ರಾಜ್ಯದ ಗಾಳಿಗೆ ಬೆನ್ನು ತಿರುಗಿಸುವವನು. 1977ರಲ್ಲಿ ಕೆ.ಎಸ್. ಹೆಗ್ಡೆ ಇಲ್ಲಿಂದ ಹೋಗಿ ಲೋಕಸಭೆಯ ಸ್ಪೀಕರ್ ಆದರು. ಇಂದಿರಾ ಹತ್ಯೆಯ ಅನುಕಂಪದಲ್ಲಿ 1984ರಲ್ಲಿ ಕಾಂಗ್ರೆಸ್ ರಾಜ್ಯದ 28ರಲ್ಲಿ 24 ಗೆದ್ದಾಗಲೂ ಇಲ್ಲಿ ಗೆದ್ದವರು ಜನತಾ ಪಕ್ಷದ ವಿ.ಎಸ್. ಕೃಷ್ಣ ಅಯ್ಯರ್. 1989ರಲ್ಲಿ ಗುಂಡೂರಾವ್ ಕಾಂಗ್ರೆಸ್ಸಿಗೆ ಈ ಸ್ಥಾನ ತಂದರು. 1991ರಲ್ಲಿ ಅರ್ಥಶಾಸ್ತ್ರಜ್ಞ ಕೆ. ವೆಂಕಟಗಿರಿಗೌಡರು ಬಿಜೆಪಿಯಿಂದ ಗೆದ್ದ ಮೇಲೆ ಸ್ಥಾನ ಮತ್ತೆ ಕೈಬದಲಾಗಿಲ್ಲ. 1996ರಿಂದ 2014ರವರೆಗೆ ಆರು ಸಲ ಅನಂತಕುಮಾರ್, ಆಮೇಲೆ ಎರಡು ಸಲ ತೇಜಸ್ವಿ ಸೂರ್ಯ.

1999ರಲ್ಲೂ 2004ರಲ್ಲೂ ರಾಜ್ಯದಲ್ಲಿ ಲೋಕಸಭೆ, ವಿಧಾನಸಭೆ ಚುನಾವಣೆ ಒಟ್ಟಿಗೆ ನಡೆದವು. ಎರಡು ಮತ, ಒಂದೇ ಸರದಿ. ಆ ಎರಡು ಸಲವೂ ಜಯನಗರದಿಂದ ವಿಧಾನಸೌಧಕ್ಕೆ ಹೋದದ್ದು ಕಾಂಗ್ರೆಸ್, ದಕ್ಷಿಣದಿಂದ ದೆಹಲಿಗೆ ಹೋದದ್ದು ಬಿಜೆಪಿ. 2024ರಲ್ಲಿ ಈ ಅಂತರ ಇನ್ನೂ ಚೆನ್ನಾಗಿ ಕಂಡಿತು. ಹದಿನಾರು ಮತದಲ್ಲಿ ವಿಧಾನಸಭೆ ತಪ್ಪಿಸಿಕೊಂಡ ಸೌಮ್ಯಾ ರೆಡ್ಡಿ ಮರುವರ್ಷ ದಕ್ಷಿಣ ಲೋಕಸಭೆಗೆ ನಿಂತರು. ಅವರಿಗೆ 4,73,747, ತೇಜಸ್ವಿ ಸೂರ್ಯ ಅವರಿಗೆ 7,50,830. ಅಂತರ 2,77,083. ಎಂಟು ಭಾಗಗಳ ಒಟ್ಟು ಲೆಕ್ಕ ಇದು, ಜಯನಗರ ಒಂದರದ್ದಲ್ಲ, ನಿಜ. ಆದರೂ ವಿಧಾನಸಭೆಯ ಅಂತರ ನೋಡಿ ಲೋಕಸಭೆಯನ್ನು ಊಹಿಸಬಾರದು ಎನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

2018: ಮುಂದಕ್ಕೆ ಹೋದ ಮತದಾನ

2013ರಲ್ಲಿ ವಿಜಯಕುಮಾರ್ ಸುಮಾರು 12 ಸಾವಿರ ಮತಗಳಿಂದ ಗೆದ್ದಿದ್ದರು. 2018ರಲ್ಲಿ ಮೂರನೆಯ ಸಲ ನಿಂತರು. ಮತದಾನ ಮೇ 12ಕ್ಕೆ. ಮೇ 4ರಂದು, ಪ್ರಚಾರದ ನಡುವೆಯೇ, ಅವರು ತೀರಿಕೊಂಡರು.

ಅಭ್ಯರ್ಥಿ ತೀರಿಕೊಂಡರೆ ಚುನಾವಣೆ ರದ್ದು ಎಂದೇ ಹೆಚ್ಚಿನವರ ತಿಳಿವಳಿಕೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಬೇರೆ. ತೀರಿಕೊಂಡವರು ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಯಾಗಿದ್ದರೆ ಮಾತ್ರ ಮತದಾನ ಮುಂದಕ್ಕೆ ಹೋಗುತ್ತದೆ. ಪಕ್ಷೇತರ ತೀರಿಕೊಂಡರೆ ಮತದಾನ ನಿಲ್ಲುವುದಿಲ್ಲ. ಹಿಂದೆ ನಿಲ್ಲುತ್ತಿತ್ತು, 1996ರ ತಿದ್ದುಪಡಿ ಅದನ್ನು ತೆಗೆಯಿತು. ಮುಂದೂಡಿದ ಮೇಲೆ ಆ ಪಕ್ಷಕ್ಕೆ ಹೊಸ ಅಭ್ಯರ್ಥಿಯನ್ನು ಹೆಸರಿಸಲು ಏಳು ದಿನ. ಉಳಿದವರು ಮತ್ತೆ ನಾಮಪತ್ರ ಹಾಕಬೇಕಿಲ್ಲ, ಅವರ ಹಳೆಯ ನಾಮಪತ್ರವೇ ನಡೆಯುತ್ತದೆ. ಬಿಜೆಪಿ ವಿಜಯಕುಮಾರ್ ಅವರ ತಮ್ಮ ಪ್ರಹ್ಲಾದ್ ಅವರನ್ನು ನಿಲ್ಲಿಸಿತು. ಮತದಾನ ಜೂನ್ 11ಕ್ಕೆ ಗೊತ್ತಾಯಿತು.

ಈ ಒಂದು ತಿಂಗಳಲ್ಲಿ ರಾಜ್ಯ ಬೇರೆಯದೇ ಆಗಿತ್ತು. ಮೇ 15ರ ಫಲಿತಾಂಶ ಅತಂತ್ರ. ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿ, 19ರಂದು ರಾಜೀನಾಮೆ ಕೊಟ್ಟು, 23ರಂದು ಕುಮಾರಸ್ವಾಮಿ ಮೈತ್ರಿ ಸರ್ಕಾರ ಬಂದಿತ್ತು. ಜಯನಗರದಲ್ಲಿ ಮಾತ್ರ ಕಾಂಗ್ರೆಸ್ಸೂ ಜೆಡಿಎಸ್ಸೂ ಇನ್ನೂ ಎದುರುಬದುರು. ಮತದಾನಕ್ಕೆ ಕೆಲವೇ ದಿನ ಇರುವಾಗ ಜೆಡಿಎಸ್ ಅಭ್ಯರ್ಥಿ ಕಾಂಗ್ರೆಸ್ಸಿಗೆ ಬೆಂಬಲ ಕೊಟ್ಟು ಹಿಂದೆ ಸರಿದರು. ಇಲ್ಲೊಂದು ಸೂಕ್ಷ್ಮ ಇದೆ. ನಾಮಪತ್ರ ಹಿಂಪಡೆಯುವ ದಿನ ದಾಟಿದ ಮೇಲೆ ‘ಹಿಂದೆ ಸರಿದೆ’ ಎಂಬುದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಹೆಸರು, ಚಿಹ್ನೆ ಎರಡೂ ಯಂತ್ರದ ಮೇಲೆ ಉಳಿಯುತ್ತವೆ, ಪೇಪರ್ ಓದದವರು ಅದನ್ನೇ ಒತ್ತುತ್ತಾರೆ. ಕಾಂಗ್ರೆಸ್ 2,889 ಮತಗಳಿಂದ ಗೆದ್ದಿತು. ಸರ್ಕಾರ ರಚನೆಯಾದ ಮೇಲೆ, ಮೈತ್ರಿಯ ಬೆಂಬಲದೊಂದಿಗೆ, ನಿಧನರಾದ ಶಾಸಕರ ತಮ್ಮನ ಎದುರು ನಡೆದ ಚುನಾವಣೆ ಇದು. ಇದರ ಮತಪ್ರಮಾಣವನ್ನು ಮಾಮೂಲಿ ಚುನಾವಣೆಯ ಅಳತೆಗೋಲು ಮಾಡಿಕೊಂಡರೆ ದಾರಿ ತಪ್ಪುತ್ತದೆ. ಮತ ಹಾಕಿದವರು ಸುಮಾರು 55%.

ಕಡಿಮೆ ಮತದಾನ ಅಂದರೆ ಏನು

55 ಅಂದರೆ ನೂರಕ್ಕೆ ನಲವತ್ತೈದು ಜನ ಸೋಮಾರಿಗಳು ಎಂಬ ಮಾತು ಪ್ರತಿ ಚುನಾವಣೆಯ ಮರುದಿನ ಕೇಳುತ್ತೇವೆ. ಶೇಕಡಾವಾರು ಒಂದು ಭಾಗಾಕಾರ. ಮೇಲಿನ ಸಂಖ್ಯೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕೆಳಗಿನದನ್ನು ಯಾರೂ ನೋಡುವುದಿಲ್ಲ. ಜಯನಗರದ ಪಟ್ಟಿಯಲ್ಲಿ ಸುಮಾರು ಎರಡು ಲಕ್ಷ ಹೆಸರು. ಅವರೆಲ್ಲ ಜಯನಗರದಲ್ಲಿ ಇದ್ದಾರೆಯೇ?

ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಜೆ.ಪಿ. ನಗರದ ಬಾಡಿಗೆದಾರ ಎರಡು ವರ್ಷಕ್ಕೆ ಬನಶಂಕರಿಗೆ, ಅಲ್ಲಿಂದ ಕನಕಪುರ ರಸ್ತೆಗೆ ಹೋಗುತ್ತಾನೆ. ಹೋದ ಕಡೆ ಹೊಸದಾಗಿ ಹೆಸರು ಸೇರಿಸುತ್ತಾನೆ, ಹಳೆಯದನ್ನು ತೆಗೆಸುವುದಿಲ್ಲ. ಮಕ್ಕಳು ವಿದೇಶದಲ್ಲಿದ್ದರೂ ತಂದೆ-ತಾಯಿಯ ವಿಳಾಸದಲ್ಲಿ ಅವರ ಹೆಸರು ಉಳಿದಿರುತ್ತದೆ. ತೀರಿಹೋದವರ ಹೆಸರು ತೆಗೆಯಲು ಸಾಮಾನ್ಯವಾಗಿ ಯಾರಾದರೂ ಫಾರಂ 7 ಕೊಡಬೇಕು. ಹೀಗೆ ಹಳೆಯ ಬಡಾವಣೆಯಲ್ಲಿ ಕೆಳಗಿನ ಸಂಖ್ಯೆ ಊದಿಕೊಂಡು ಮತದಾನದ ಪ್ರಮಾಣ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಮತಗಟ್ಟೆ ಅಧಿಕಾರಿಯ ಕೈಯಲ್ಲಿ ‘ಎಎಸ್‌ಡಿ’ ಎಂಬ ಪಟ್ಟಿ ಇರುತ್ತದೆ: ಮನೆಯಲ್ಲಿ ಸಿಗದವರು, ಬೇರೆಡೆ ಹೋದವರು, ತೀರಿಕೊಂಡವರು. ಮತದಾರರ ಚೀಟಿ ಹಂಚಲು ಹೋದ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಬಾಗಿಲು ತಟ್ಟಿ ಬರೆದುಕೊಂಡು ಬಂದ ಹೆಸರುಗಳು ಅವು. ಆ ಪಟ್ಟಿಯಲ್ಲಿ ಇದ್ದವರು ಬಂದರೆ ಮತ ಹಾಕಬಾರದು ಎಂದಲ್ಲ. ಗುರುತು ಇನ್ನಷ್ಟು ಬಿಗಿಯಾಗಿ ನೋಡುತ್ತಾರೆ, ಅಷ್ಟೆ.

ಫಾರಂಗಳ ಬಗ್ಗೆ ಒಂದು ಮಾತು. ಮೊದಲ ಸಲ ಸೇರುವವರಿಗೆ 6. ಮನೆ ಬದಲಾಯಿಸಿದವರಿಗೆ, ಬೇರೆ ಕ್ಷೇತ್ರಕ್ಕೆ ಹೋದರೂ ಸರಿ, 2022ರ ಆಗಸ್ಟಿನಿಂದ 8. ಅದಕ್ಕೆ ಮುಂಚೆ ಬೇರೆ ಕ್ಷೇತ್ರಕ್ಕೆ ಹೋದವರೂ 6ನ್ನೇ ತುಂಬಬೇಕಿತ್ತು, ಎರಡು ಕಡೆ ಹೆಸರು ಉಳಿಯಲು ಅದೂ ಒಂದು ಕಾರಣ. ಈಗಲೂ ‘ಹೊಸ ಮನೆ, ಹೊಸ ಹೆಸರು’ ಎಂದು 6 ತುಂಬುವವರಿದ್ದಾರೆ, ಎರಡನೆಯ ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ ಹುಟ್ಟುವುದು ಹಾಗೆ. 18 ತುಂಬಿತೇ ಎಂದು ನೋಡುವ ದಿನ ಈಗ ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1.

ಮತದಾನದ ವಾರವನ್ನೂ ಗಮನಿಸಿ. 2023ರಲ್ಲಿ ಆಯೋಗ ಬುಧವಾರ ಇಟ್ಟಿತು, ಶನಿವಾರ-ಭಾನುವಾರಕ್ಕೆ ಸೇರಿಸಿ ಜನ ಊರು ಬಿಡದಿರಲಿ ಎಂದು. 2024ರ ಏಪ್ರಿಲ್ 26 ಶುಕ್ರವಾರ, ದಕ್ಷಿಣ ಲೋಕಸಭೆಯ ಮತದಾನದ ಪ್ರಮಾಣ ಸುಮಾರು 53%. ವಾರವೊಂದೇ ಕಾರಣವಲ್ಲ. 2019ರಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಲಕೋಟೆಯೊಳಗಿನ ಲಕೋಟೆ

ಈಗ 2023ರ ಮೇ 13ರ ಆ ರಾತ್ರಿಗೆ ಬರೋಣ. ಎಣಿಕೆ ಬೆಳಿಗ್ಗೆ 8ಕ್ಕೆ ಅಂಚೆ ಮತಗಳಿಂದ ಶುರು. ಅರ್ಧ ಗಂಟೆಯ ನಂತರ ಯಂತ್ರಗಳ ಎಣಿಕೆ, ಸಾಮಾನ್ಯವಾಗಿ ಒಂದು ಸುತ್ತಿಗೆ 14 ಮೇಜು. ಮತ ದಾಖಲಾಗಿರುವ ಕಂಟ್ರೋಲ್ ಯೂನಿಟ್ಟಿನ ಸೀಲು, ಅದರ ಸಂಖ್ಯೆ, ಮತಗಟ್ಟೆಯಲ್ಲೇ ತುಂಬಿದ ಫಾರಂ 17ಸಿಯಲ್ಲಿ ಬರೆದ ಒಟ್ಟು ಮತ, ಇವಿಷ್ಟು ಹೊಂದಿದರೆ ‘ರಿಸಲ್ಟ್’ ಗುಂಡಿ. ಯಂತ್ರದಲ್ಲಿ ತಪ್ಪಲು ಜಾಗ ಕಡಿಮೆ, ತಪ್ಪಿದರೆ ಹೆಚ್ಚಾಗಿ ಬೆಳಗಿನ ಅಣಕು ಮತದಾನದಲ್ಲಿ. ಕನಿಷ್ಠ 50 ಮತ ಒತ್ತಿ, ಏಜೆಂಟರಿಗೆ ತೋರಿಸಿ, ಆಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್ ಮೂರನ್ನೂ ಒತ್ತಬೇಕು. ಗಡಿಬಿಡಿಯಲ್ಲಿ ಕ್ಲಿಯರ್ ಮರೆತರೆ ಆ 50 ಮತ ಒಳಗೇ ಉಳಿದು, ಸಂಜೆ ಲೆಕ್ಕ ಹೊಂದುವುದಿಲ್ಲ. ಅಂಥ ಯಂತ್ರವನ್ನು ಬದಿಗಿಡುತ್ತಾರೆ. ಗೆಲುವಿನ ಅಂತರ ಅದರಲ್ಲಿ ಬಿದ್ದ ಮತಕ್ಕಿಂತ ದೊಡ್ಡದಾಗಿದ್ದರೆ ಅದನ್ನು ತೆರೆಯುವುದೇ ಇಲ್ಲ. ಚಿಕ್ಕದಾದರೆ ಅದರ ವಿವಿಪ್ಯಾಟ್ ಚೀಟಿ (ಒತ್ತಿದ ಪ್ರತಿ ಮತಕ್ಕೂ ಮುದ್ರಣವಾಗುವ ಕಾಗದ) ಎಣಿಸುತ್ತಾರೆ. ಇದಲ್ಲದೆ ಲಾಟರಿಯಲ್ಲಿ ಆರಿಸಿದ ಐದು ಮತಗಟ್ಟೆಗಳ ಚೀಟಿ ಎಣಿಕೆ ಪ್ರತಿ ಕ್ಷೇತ್ರದಲ್ಲೂ ಕಡ್ಡಾಯ. ಯಂತ್ರಕ್ಕೂ ಚೀಟಿಗೂ ತಾಳೆಯಾಗದಿದ್ದರೆ ಚೀಟಿಯದೇ ಮಾತು.

ಜಗಳವೆಲ್ಲ ಕಾಗದದ್ದು. ಅಂಚೆ ಮತ ಹಾಕುವವರು ಚುನಾವಣಾ ಕರ್ತವ್ಯದ ನೌಕರರು, ಸೇನೆಯವರು. 2023ರಲ್ಲಿ ಕರ್ನಾಟಕದಲ್ಲಿ 80 ದಾಟಿದವರಿಗೆ ಮತ್ತು 40% ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಫಾರಂ 12ಡಿ ಕೊಟ್ಟು ಮನೆಯಿಂದಲೇ ಹಾಕುವ ಅವಕಾಶ ಇತ್ತು. ಜಯನಗರದಂಥ ಹಳೆಯ ಬಡಾವಣೆಯಲ್ಲಿ ಹಿರಿಯರು ಹೆಚ್ಚು ಎಂಬುದನ್ನು ನೆನಪಿಡಿ.

ಒಂದು ಅಂಚೆ ಮತವನ್ನು ಬಿಚ್ಚುವ ಕ್ರಮ ಹೀಗಿದೆ. ಹೊರಗಿನ ದೊಡ್ಡ ಲಕೋಟೆ 13ಸಿ. ಅದರೊಳಗೆ ಎರಡು ವಸ್ತು: 13ಎ ಎಂಬ ಘೋಷಣಾ ಪತ್ರ, 13ಬಿ ಎಂಬ ಚಿಕ್ಕ ಲಕೋಟೆ. ಮತಪತ್ರ ಇರುವುದು ಚಿಕ್ಕದರಲ್ಲಿ. ಮೊದಲು ನೋಡುವುದು ಘೋಷಣೆ. ಅದು ಇಲ್ಲದಿದ್ದರೆ, ಮತದಾರರ ಸಹಿ ಇಲ್ಲದಿದ್ದರೆ, ಅಧಿಕಾರಿಯ ದೃಢೀಕರಣ ಇಲ್ಲದಿದ್ದರೆ, ಅದರಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆಯೂ 13ಬಿ ಮೇಲಿನದೂ ಬೇರೆಯಾಗಿದ್ದರೆ ಒಳಗಿನ ಲಕೋಟೆಯನ್ನು ತೆರೆಯದೆಯೇ ತಿರಸ್ಕರಿಸಬೇಕು. ಒಳಗೆ ಯಾರಿಗೆ ಮತ ಇದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಘೋಷಣೆ ಸರಿಯಿದ್ದು ಚಿಕ್ಕ ಲಕೋಟೆ ಬಿಚ್ಚಿದ ಮೇಲೆ ಎರಡನೆಯ ಜರಡಿ: ಗುರುತೇ ಇಲ್ಲ, ಇಬ್ಬರಿಗೆ ಗುರುತು, ಮತದಾರ ಯಾರೆಂದು ತಿಳಿಯುವ ಹಾಗೆ ಸಹಿಯನ್ನೋ ಹೆಸರನ್ನೋ ಬರೆದದ್ದು, ಯಾರಿಗೆ ಎಂದು ಸ್ಪಷ್ಟವಿಲ್ಲದ್ದು. ಟಿಕ್ ಹಾಕಬೇಕೋ ಅಡ್ಡಗೆರೆ ಹಾಕಬೇಕೋ ಎಂದು ಕಾನೂನು ಕೇಳುವುದಿಲ್ಲ, ಯಾರಿಗೆ ಎಂದು ತಿಳಿದರೆ ಸಾಕು. ಚುನಾವಣಾ ತರಬೇತಿ ಪಡೆದ ನೌಕರರ ಮತಪತ್ರಗಳೇ ಇಲ್ಲಿ ಸಾಲುಸಾಲಾಗಿ ಬೀಳುವುದು ವಿಪರ್ಯಾಸ. ಬೀಳುವ ಕಾರಣವೂ ಸಾಮಾನ್ಯವಾಗಿ ಎರಡೇ: ದೃಢೀಕರಣ ಮರೆತದ್ದು, ಘೋಷಣಾ ಪತ್ರವನ್ನು ಚಿಕ್ಕ ಲಕೋಟೆಯೊಳಗೇ ಸೇರಿಸಿ ಅಂಟಿಸಿದ್ದು.

ಸಾವಿರಾರು ಮತದ ಅಂತರ ಇರುವ ಕ್ಷೇತ್ರದಲ್ಲಿ ಆ ತಿರಸ್ಕೃತ ಕಟ್ಟನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ಆಯೋಗದ ಸೂಚನೆ ಒಂದಿದೆ. ಗೆಲುವಿನ ಅಂತರ, ತಿರಸ್ಕೃತವಾದ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆ ಇದ್ದರೆ ಫಲಿತಾಂಶ ಘೋಷಿಸುವ ಮೊದಲು ಅಷ್ಟೂ ಪತ್ರಗಳನ್ನು ಚುನಾವಣಾಧಿಕಾರಿ ಮತ್ತೆ ಪರಿಶೀಲಿಸಲೇಬೇಕು, ಇಡೀ ಕೆಲಸ ವಿಡಿಯೊ ಆಗಬೇಕು. ಯಾರೂ ಕೇಳದಿದ್ದರೂ ಇದು ನಡೆಯಬೇಕು. ಮರುಎಣಿಕೆ ಬೇರೆ. ಅದು ಚುನಾವಣಾ ನಿಯಮಗಳ 63ನೇ ನಿಯಮದ ಕೆಳಗೆ ಬರುತ್ತದೆ, ಅಭ್ಯರ್ಥಿಯೋ ಏಜೆಂಟೋ ಕಾರಣ ಬರೆದು ಅರ್ಜಿ ಕೊಡಬೇಕು, ಅಧಿಕಾರಿ ಒಪ್ಪಿದರೂ ತಳ್ಳಿದರೂ ಕಾರಣ ಬರೆಯಬೇಕು. ಅಂತಿಮ ಫಲಿತಾಂಶ ಪತ್ರವಾದ ಫಾರಂ 20ಕ್ಕೆ ಸಹಿ ಬೀಳುವ ತನಕ ಮಾತ್ರ ಆ ಅರ್ಜಿಗೆ ಜಾಗ. ಸಹಿ ಬಿದ್ದ ಮೇಲೆ ದಾರಿ ಒಂದೇ, 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ. ಅದಕ್ಕೇ ಅನುಭವಸ್ಥ ಎಣಿಕೆ ಏಜೆಂಟರು ಕೊನೆಯ ಸುತ್ತಿನಲ್ಲಿ ಕಾಫಿಗೂ ಎದ್ದುಹೋಗುವುದಿಲ್ಲ.

ಜಯನಗರದಲ್ಲಿ ಮುನ್ನಡೆ ಕೈಬದಲಾದದ್ದು ಈ ತಿರಸ್ಕೃತ ಅಂಚೆ ಮತಗಳ ಮರುಪರಿಶೀಲನೆಯ ನಂತರ. ಒಂದು ಪಕ್ಷ ಅದನ್ನು ನ್ಯಾಯ ಎಂದಿತು, ಇನ್ನೊಂದು ಪಕ್ಷ ಅನ್ಯಾಯ ಎಂದಿತು. ಹೊರಗಿನಿಂದ ನೋಡುವವರಿಗೆ ಮುಖ್ಯವಾದದ್ದು ಇಷ್ಟು: ಎರಡೂ ಕಡೆಯ ಮತ ಸೇರಿ 1,15,578 ಇರುವಲ್ಲಿ ಫಲಿತಾಂಶವನ್ನು ತೀರ್ಮಾನಿಸಿದ್ದು ಒಂದು ಕಟ್ಟು ಲಕೋಟೆ. ಮತಗಟ್ಟೆಗೆ ಸರಾಸರಿ ಸಾವಿರ ಹೆಸರು ಎಂದಿಟ್ಟುಕೊಂಡರೆ ಕ್ಷೇತ್ರದಲ್ಲಿ ಇನ್ನೂರರಷ್ಟು ಮತಗಟ್ಟೆ. ಹನ್ನೆರಡು ಮತಗಟ್ಟೆಗೆ ಒಂದು ಮತ ಎಂಬ ಲೆಕ್ಕದಲ್ಲಿ ಬಂದ ಅಂತರ ಇದು.

ಅದೇ ಕಣದಲ್ಲಿ ಸೌಮ್ಯಾ ಎ. ರೆಡ್ಡಿ ಎಂಬ ಪಕ್ಷೇತರ ಅಭ್ಯರ್ಥಿಯೂ ಇದ್ದರು, ಅವರಿಗೆ ಬಿದ್ದದ್ದು 320 ಮತ. ಅಂತರದ ಇಪ್ಪತ್ತು ಪಟ್ಟು. ಒಂದೇ ಹೆಸರಿನವರು ನಿಲ್ಲಬಾರದು ಎಂಬ ಕಾನೂನಿಲ್ಲ, ಇರಲು ಸಾಧ್ಯವೂ ಇಲ್ಲ. ಮತಪತ್ರದಲ್ಲಿ ಊರನ್ನೋ ವೃತ್ತಿಯನ್ನೋ ಸೇರಿಸಿ ಬೇರ್ಪಡಿಸಬಹುದು, 2015ರಿಂದ ಫೋಟೊ ಕೂಡ ಇದೆ. ಮಾನ್ಯ ಪಕ್ಷದವರ ಹೆಸರು ಮೇಲೆ, ಪಕ್ಷೇತರರದು ಕೆಳಗೆ ಬರುವುದರಿಂದ ಎರಡೂ ಅಕ್ಕಪಕ್ಕ ಬರುವುದಿಲ್ಲ. ಆದರೂ ಕೆಲವರು ತಪ್ಪಿ ಒತ್ತುತ್ತಾರೆ. 320ರಲ್ಲಿ ಎಷ್ಟು ತಪ್ಪಿನಿಂದ ಬಂದದ್ದು ಎಂದು ಲೆಕ್ಕ ಹಾಕುವ ಉಪಾಯ ಯಾವುದೂ ಇಲ್ಲ, ಹಾಕಿ ತೋರಿಸುವವರನ್ನು ನಂಬಬೇಡಿ.

ಫಾರಂ 20 ಓದುವಾಗ

ಮತಗಟ್ಟೆವಾರು ಲೆಕ್ಕ ಬೇಕಾದವರು ಫಾರಂ 20 ನೋಡಬೇಕು, ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳು ಅದನ್ನು ಪ್ರಕಟಿಸುತ್ತಾರೆ. ಸಾಲಿಗೊಂದು ಮತಗಟ್ಟೆ, ಕಂಬಕ್ಕೊಬ್ಬ ಅಭ್ಯರ್ಥಿ, ಆಮೇಲೆ ನೋಟಾ, ಒಟ್ಟು, ಕೊನೆಗೆ ‘ಟೆಂಡರ್ಡ್’ ಮತ. ನಿಮ್ಮ ಹೆಸರಿನಲ್ಲಿ ಆಗಲೇ ಬೇರೊಬ್ಬರು ಮತ ಹಾಕಿ ಹೋಗಿದ್ದರೆ ನಿಮಗೆ ಕೊಡುವ ಕಾಗದದ ಮತ ಅದು. ಎಣಿಕೆಯ ದಿನ ಅದನ್ನು ಎಣಿಸುವುದಿಲ್ಲ, ಲಕೋಟೆಯಲ್ಲೇ ಇರುತ್ತದೆ. ಹದಿನಾರರಂಥ ಅಂತರದಲ್ಲಿ ಮೊದಲು ನೋಡಬೇಕಾದ ಕಂಬ ಇದು. ಅಂಚೆ ಮತ ಮತಗಟ್ಟೆಗಳ ಸಾಲಿನಲ್ಲಿ ಇರುವುದಿಲ್ಲ, ಕೊನೆಯಲ್ಲಿ ಬೇರೆ ಸಾಲಾಗಿ ಬರುತ್ತದೆ. ಮತಗಟ್ಟೆಗಳನ್ನು ಮಾತ್ರ ಕೂಡಿ ‘ಲೆಕ್ಕ ತಾಳೆಯಾಗುತ್ತಿಲ್ಲ’ ಎನ್ನುವವರು ಆ ಸಾಲನ್ನು ಬಿಟ್ಟಿರುತ್ತಾರೆ.

2018ರ 45ನೇ ಮತಗಟ್ಟೆಯನ್ನು 2023ರ 45ನೇ ಮತಗಟ್ಟೆಯ ಜೊತೆ ಹೋಲಿಸಲು ಹೋಗಬೇಡಿ. ಪ್ರತಿ ಚುನಾವಣೆಗೆ ಮುಂಚೆ ಮತಗಟ್ಟೆಗಳನ್ನು ಒಡೆಯುತ್ತಾರೆ, ಕೂಡಿಸುತ್ತಾರೆ, ಸಂಖ್ಯೆಗಳು ಸರಿಯುತ್ತವೆ. ಹೋಲಿಸುವ ಸರಿಯಾದ ದಾರಿ ಎರಡೂ ವರ್ಷದ ಮತದಾರರ ಪಟ್ಟಿಯ ಮೊದಲ ಪುಟ ತೆಗೆದು, ಆ ಭಾಗಕ್ಕೆ ಸೇರಿದ ಕ್ರಾಸು, ಮೇನುಗಳ ಹೆಸರನ್ನು ಜೋಡಿಸಿಕೊಳ್ಳುವುದು. ಬೇಸರದ ಕೆಲಸ, ಇನ್ನೂರು ಭಾಗಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಅದು ಬೇಡ ಎನ್ನುವವರು ಒಂದೇ ಶಾಲೆಯ ಕೊಠಡಿಗಳನ್ನೆಲ್ಲ ಸೇರಿಸಿ ಶಾಲೆವಾರು ಹೋಲಿಸಬಹುದು, ತಪ್ಪು ಕಡಿಮೆಯಾಗುತ್ತದೆ.

ಸಭಿಕರೊಬ್ಬರ ಪ್ರಶ್ನೆ: ಆ ಹದಿನಾರು ಇಲ್ಲದೆ ಇಬ್ಬರಿಗೂ ಸಮ ಬಂದಿದ್ದರೆ? ಮರುಮತದಾನ ನಡೆಯುತ್ತಿರಲಿಲ್ಲ. 65ನೇ ಸೆಕ್ಷನ್ ಪ್ರಕಾರ ಚುನಾವಣಾಧಿಕಾರಿ ಅಲ್ಲೇ ಚೀಟಿ ಎತ್ತಬೇಕು. ಯಾರ ಪರವಾಗಿ ಚೀಟಿ ಬಂತೋ ಅವರಿಗೆ ಒಂದು ಮತ ಹೆಚ್ಚು ಬಂತು ಎಂದು ಲೆಕ್ಕ. ಕರ್ನಾಟಕ ಅದರ ಹತ್ತಿರಕ್ಕೆ ಒಮ್ಮೆ ಹೋಗಿತ್ತು, 2004ರಲ್ಲಿ, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ. ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಆ ಕ್ಷೇತ್ರದ ಹೆಸರನ್ನು ಇಂದಿನ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. 2008ರ ಗೆರೆ ಅದನ್ನೂ ಅಳಿಸಿದೆ.